ಸಹಕಾರ ಸಂಘವೋ, ಖಾಸಗಿ ವ್ಯಾಪಾರಿಯೋ: ಬಡ ದೇಶದ ಸಣ್ಣ ಬೆಳೆಗಾರನ ಆಯ್ಕೆ

ಇಥಿಯೋಪಿಯಾದ ಸಣ್ಣ ಕಾಫಿ ಬೆಳೆಗಾರನ ಬಳಿ ಎರಡು ಚೀಲ ಕೆಂಪು ಹಣ್ಣಿದೆ ಎಂದುಕೊಳ್ಳೋಣ. ಕೊಯ್ದ ಹಣ್ಣನ್ನು ಬೇಗನೆ ಪಲ್ಪ್ ಮಾಡದಿದ್ದರೆ, ಅಂದರೆ ಸಿಪ್ಪೆ-ತಿರುಳು ತೆಗೆದು ಬೀಜ ಬಿಡಿಸದಿದ್ದರೆ, ಗುಣಮಟ್ಟ ಕೆಡುವುದರಿಂದ, ಚೌಕಾಸಿಗೆ ಅವನಿಗೆ ಸಮಯವಿರುವುದಿಲ್ಲ. ಖಾಸಗಿ ವ್ಯಾಪಾರಿ ಸ್ಥಳದಲ್ಲೇ ನಗದು ಕೊಡುತ್ತಾನೆ. ಮನೆಯಲ್ಲಿ ಕಾಯಿಲೆಯವರಿದ್ದಾಗ ಅದು ಸಣ್ಣ ಅನುಕೂಲವಲ್ಲ. ಆದರೆ ಮುಂದೆ ಬೆಲೆ ಏರಿದರೆ ಅದರ ಲಾಭ ಬೆಳೆಗಾರನಿಗೆ ಬರುವುದಿಲ್ಲ.

ಸಹಕಾರ ಸಂಘ ಮೊದಲು ಒಂದಿಷ್ಟು ಹಣ ಕೊಟ್ಟು, ಮಾರಾಟದ ನಂತರ ಉಳಿದ ಲಾಭವನ್ನು ಸದಸ್ಯರಿಗೆ ಹಂಚುತ್ತದೆ. ಇಥಿಯೋಪಿಯಾದ ಒರೊಮಿಯಾ ಪ್ರಾಂತ್ಯದಲ್ಲಿ 1999ರಲ್ಲಿ ಸ್ಥಾಪನೆಯಾದ ಒರೊಮಿಯಾ ಕಾಫಿ ಬೆಳೆಗಾರರ ಸಹಕಾರ ಒಕ್ಕೂಟವು ಸದಸ್ಯ ಸಂಘಗಳ ಕಾಫಿಯನ್ನು ನೇರವಾಗಿ ರಫ್ತು ಮಾಡುವುದರಿಂದ, ಒಬ್ಬ ರೈತನಿಗೆ ಎಂದೂ ಎಟುಕದ ವಿದೇಶಿ ಮಾರುಕಟ್ಟೆ ಸಾವಿರಾರು ಜನರಿಗೆ ಒಟ್ಟಾಗಿ ಎಟುಕಿದೆ. ನನ್ನ ಒಲವು ಇತ್ತ ಕಡೆಗೇ.

ಆದರೂ ಸಂಘವೆಂದ ಮಾತ್ರಕ್ಕೆ ಎಲ್ಲರನ್ನೂ ಒಳಗೊಳ್ಳುತ್ತದೆ ಎಂದಲ್ಲ. ಸದಸ್ಯತ್ವವನ್ನು ಜಮೀನಿನ ಒಡೆತನಕ್ಕೆ ಕಟ್ಟಿಹಾಕಿದರೆ, ಹಣ್ಣು ಬಿಡಿಸುವ ಹೆಂಗಸರೂ ಭೂಮಿಯಿಲ್ಲದ ಕೂಲಿಯವರೂ ಹೊರಗುಳಿಯುತ್ತಾರೆ. ಒಬ್ಬರಿಗೆ ಒಂದೇ ಮತ ಎಂಬ ನಿಯಮವೂ ಆಗ ಜಮೀನುಳ್ಳವರಿಗಷ್ಟೇ ದಕ್ಕುತ್ತದೆ. ಹಿಂದೆ ಆಫ್ರಿಕಾದ ಹಲವೆಡೆ ಸರ್ಕಾರಗಳು ಸಂಘಗಳನ್ನು ತಮ್ಮ ಇಲಾಖೆಯಂತೆ ನಡೆಸಿದ್ದರಿಂದ ರೈತರು ಅವುಗಳ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿದ್ದರು.

ಬೆಳೆಗಾರನಿಗೆ ಬೇಕಾಗುವ ಸಾಲದ ವಿಷಯದಲ್ಲೂ ಸಂಘಗಳು ನೆರವಾಗಬಲ್ಲವು: ರುವಾಂಡಾ ದೇಶವು ಜಿಲ್ಲೆಗಿಂತ ಚಿಕ್ಕ ಆಡಳಿತ ಘಟಕಗಳಾದ ತನ್ನ 416 ಸೆಕ್ಟರ್‌ಗಳಲ್ಲೂ ಉಳಿತಾಯ ಮತ್ತು ಸಾಲ ಸಹಕಾರ ಸಂಘಗಳನ್ನು ತೆರೆದು, ಬ್ಯಾಂಕುಗಳು ತಲುಪದಿದ್ದ ಹಳ್ಳಿಗರಿಗೂ ಖಾತೆಯ ಸೌಲಭ್ಯವನ್ನು ಹತ್ತಿರ ತಂದಿತು.

ಬೆಳೆಗಾರ ಸಂಘಕ್ಕೆ ಸೇರುವ ಮುನ್ನ, ಕಳೆದ ವರ್ಷದ ಲೆಕ್ಕಪರಿಶೋಧನೆಯನ್ನು ಸಭೆಯಲ್ಲಿ ಓದಿದರೇ, ಮಾರಾಟದ ನಂತರ ಹಂಚುವ ಲಾಭದ ಎರಡನೆಯ ಕಂತು ಯಾವ ತಿಂಗಳಲ್ಲಿ ಕೈಸೇರಿತು ಎಂಬುದನ್ನು ಹಳೆಯ ಸದಸ್ಯರಲ್ಲಿ ವಿಚಾರಿಸಬೇಕು. ಉತ್ತರ ತಡವರಿಸಿದರೆ, ಆ ವರ್ಷದ ಮಟ್ಟಿಗೆ ವ್ಯಾಪಾರಿಯ ನಗದೇ ವಾಸಿ.