ಚುಕ್ಕೆಯ ಪುಸ್ತಕ ಇರಲಿ, ಎಣಿಕೆಯ ಆಪ್ ಬೇಡ: ಆತ್ಮಸಂಯಮದ ತರಬೇತಿಯೊಂದರ ವಿಮರ್ಶೆ

ಕ್ರೈಸ್ತ ನಂಬಿಕೆಯ ನೆಲೆಯಿಂದ ಆತ್ಮಸಂಯಮವನ್ನು ಬೆಳೆಸಿಕೊಳ್ಳಲು ನೆರವಾಗುವ, ಆನ್‌ಲೈನ್ ಮೂಲಕ ನಡೆಯುವ ಆರು ವಾರಗಳ ತರಬೇತಿಯೊಂದನ್ನು ಈಚೆಗೆ ಪೂರ್ಣಗೊಳಿಸಿದೆ. ವಾರಕ್ಕೊಂದು ವಿಡಿಯೊ ಪಾಠ, ಪ್ರತಿದಿನ ಓದಬೇಕಾದ ಬೈಬಲಿನ ವಾಕ್ಯಭಾಗ, ವಾರಾಂತ್ಯದಲ್ಲಿ ನಾಲ್ವರ ಗುಂಪಿನ ಸಭೆ, ಅಂಚೆಯಲ್ಲಿ ಬರುವ ಚಿಕ್ಕದೊಂದು ಟಿಪ್ಪಣಿ ಪುಸ್ತಕ ಮತ್ತು ಮೊಬೈಲಿನಲ್ಲಿ ಹಾಕಿಕೊಳ್ಳುವ ಒಂದು ಆಪ್, ಇಷ್ಟು ಅದರ ಸಾಮಗ್ರಿ. ನಡೆಸುವ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಮೆಚ್ಚಿದ್ದಾಗಲಿ ಆಕ್ಷೇಪಿಸುವುದಾಗಲಿ ಆ ಒಂದು ಸಂಸ್ಥೆಗೆ ಮಾತ್ರ ಸೇರಿದ್ದಲ್ಲ. ಇಂಥ ತರಬೇತಿಯನ್ನು ಆರಿಸಿಕೊಳ್ಳಲು ಹೊರಟವರು ಎಲ್ಲೇ ಇದ್ದರೂ ಈ ಸಂಗತಿಗಳನ್ನು ಗಮನಿಸಬೇಕಾಗುತ್ತದೆ.

ಸೇರಿದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಮಗನಿಗೆ ಲೆಕ್ಕ ಹೇಳಿಕೊಡಲು ಕುಳಿತ ಹತ್ತು ನಿಮಿಷದೊಳಗೆ ನನ್ನ ದನಿ ಏರುತ್ತದೆ. ರಾತ್ರಿ ಪ್ರಾರ್ಥನೆಯಲ್ಲಿ ಕಣ್ಣೀರಿಟ್ಟು ಕ್ಷಮೆ ಕೇಳಿದರೂ ಮರುದಿನ ಅದೇ ಮೇಜಿನ ಮುಂದೆ ಅದೇ ಕಟುಮಾತು ಬಾಯಿಂದ ಹೊರಬೀಳುತ್ತದೆ. ಯಾಕೋಬನ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ದೇವರನ್ನು ಕೊಂಡಾಡುವ ನಾಲಿಗೆಯೇ ಆತನ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುತ್ತದೆ ಎಂಬ ಮಾತು ಬರುವಾಗಲೆಲ್ಲ ನಾನು ಪುಟವನ್ನು ಬೇಗ ತಿರುಗಿಸುತ್ತಿದ್ದೆ. ವರ್ಷಗಳಿಂದ ದೃಢನಿರ್ಧಾರ ಮಾಡಿ ಮಾಡಿ ಸೋತವನಾದ್ದರಿಂದ, ಇನ್ನೊಂದು ದೃಢನಿರ್ಧಾರವನ್ನು ಕೇಳದ ತರಬೇತಿಯೊಂದು ಬೇಕಾಗಿತ್ತು.

ಮೊದಲ ವಾರದ ಪಾಠ ಅದನ್ನೇ ಕೊಟ್ಟಿತು, ಮತ್ತು ಇಡೀ ತರಬೇತಿಯಲ್ಲಿ ಅತ್ಯುತ್ತಮವಾದದ್ದು ಅದೇ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಪವಿತ್ರಾತ್ಮನ ಫಲವನ್ನು ವಿವರಿಸುವ ಒಂಬತ್ತು ಗುಣಗಳ ಪಟ್ಟಿಯ ಕೊನೆಯಲ್ಲಿ ಆತ್ಮಸಂಯಮ ಬರುತ್ತದೆ. ಕನ್ನಡದ ಹಳೆಯ ಅನುವಾದ ಅದನ್ನು ಶಮೆದಮೆ ಎಂದು ಕರೆದಿದೆ. ಒಳಗಿನ ಮನಸ್ಸು ಶಾಂತವಾಗುವುದು ಶಮೆ, ಹೊರಗಿನ ಇಂದ್ರಿಯಗಳು ಹಿಡಿತಕ್ಕೆ ಬರುವುದು ದಮೆ. ಗ್ರೀಕ್ ಮೂಲದ ಒಂದೇ ಪದಕ್ಕೆ ನಮ್ಮ ಅನುವಾದಕರು ಎರಡು ಪದಗಳನ್ನು ಜೋಡಿಸಿದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಮೂಲಪದವಾದ ಎಂಕ್ರಾತೇಯದಲ್ಲಿ ಕ್ರಾತೋಸ್, ಅಂದರೆ ಬಲ ಅಥವಾ ಒಡೆತನ, ಅಡಗಿದೆ. ತನ್ನ ಮೇಲೆ ತನಗಿರುವ ಒಡೆತನವೆಂಬುದು ಅದರ ಭಾವ. ಈ ಪದವನ್ನು ಪತ್ರಿಕೆ ಬರೆದ ಅಪೊಸ್ತಲ ಪೌಲನು ಹೊಸದಾಗಿ ಹುಟ್ಟಿಸಲಿಲ್ಲ. ಅವನಿಗಿಂತ ಸುಮಾರು ನಾಲ್ಕು ಶತಮಾನಗಳ ಹಿಂದೆಯೇ ಅರಿಸ್ಟಾಟಲನು ಕೆಟ್ಟ ಬಯಕೆಗಳಿದ್ದೂ ಅವುಗಳಿಗೆ ಮಣಿಯದವನನ್ನು, ಅಂಥ ಬಯಕೆಗಳೇ ಇಲ್ಲದ ಸಮಚಿತ್ತದವನಿಂದ ಬೇರ್ಪಡಿಸಿ, ಈ ಪದದಿಂದಲೇ ಗುರುತಿಸಿದ್ದನು. ಹೀಗೆ ಹೋರಾಟದ ವಾಸನೆಯಿರುವ ಪದವನ್ನೇ ಎತ್ತಿಕೊಂಡು ಪೌಲನು ಅದನ್ನು ಫಲವೆಂದು ಕರೆದನೆಂಬುದನ್ನು ಪಾಠ ತುಂಬ ತಾಳ್ಮೆಯಿಂದ ಬಿಡಿಸಿ ತೋರಿಸುತ್ತದೆ. ಅದೇ ಅಧ್ಯಾಯದಲ್ಲಿ ಶರೀರಭಾವದ ವಿಷಯ ಬಂದಾಗ ಅವನು ಕರ್ಮಗಳು ಎಂದು ಬಹುವಚನದಲ್ಲಿ ಹೇಳುತ್ತಾನೆ. ಆತ್ಮನ ವಿಷಯ ಬಂದಾಗ ಫಲವೆಂದು ಏಕವಚನದಲ್ಲಿ ಹೇಳುತ್ತಾನೆ. ಆದ್ದರಿಂದ ಸಂಯಮವನ್ನು ಪ್ರೀತಿ, ಸಂತೋಷ, ಸಮಾಧಾನಗಳಿಂದ ಕಿತ್ತು ಪ್ರತ್ಯೇಕವಾಗಿ ಬೆಳೆಸಲು ಬರುವುದಿಲ್ಲ. ಪ್ರೀತಿ ಬತ್ತಿದ ಮನೆಯಲ್ಲಿ ದನಿಯೊಂದನ್ನು ಮಾತ್ರ ತಗ್ಗಿಸಿಕೊಂಡವನು ಇನ್ನೂ ಆ ಫಲದ ರುಚಿಯನ್ನು ಕಂಡವನಲ್ಲ.

ಇದೇ ಪಾಠದ ಕೊನೆಯಲ್ಲಿ ತೀತನಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ತೆಗೆದುಕೊಂಡಿದ್ದಾರೆ. ದೇವರ ಕೃಪೆಯೇ ನಮಗೆ ಸಂಯಮದಿಂದ ಬದುಕುವುದನ್ನು ಕಲಿಸುತ್ತದೆ ಎಂದು ಅಲ್ಲಿದೆ, ಮತ್ತು ಆ ಕಲಿಸುವಿಕೆಗೆ ಬಳಸಿರುವ ಗ್ರೀಕ್ ಕ್ರಿಯಾಪದ ಮಗುವನ್ನು ತಿದ್ದಿ ಬೆಳೆಸುವುದಕ್ಕೆ ಸಲ್ಲುವ ಪದ. ನಾನು ವಿಡಿಯೊವನ್ನು ಅಲ್ಲಿಗೆ ನಿಲ್ಲಿಸಿದೆ. ಮಗನ ಲೆಕ್ಕದ ಪುಸ್ತಕ ಎದುರಿಗೇ ಇತ್ತು. ಕೃಪೆ ನನಗೆ ಕಲಿಸಿದ ರೀತಿಗೂ ನಾನು ಅವನಿಗೆ ಕಲಿಸುತ್ತಿದ್ದ ರೀತಿಗೂ ಇದ್ದ ಅಂತರ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ.

ಎರಡನೆಯ ವಾರ, ಬಯಸಿದ ಒಳ್ಳೆಯದನ್ನು ಮಾಡಲಾಗದ ಒಳಹೋರಾಟವನ್ನು ಹೇಳುವ, ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದ ಮೇಲಿತ್ತು. ಚೆನ್ನಾಗಿಯೇ ಇತ್ತು, ಆದರೆ ಸಾಮಾನ್ಯ ಪ್ರಸಂಗಗಳಲ್ಲಿ ಕೇಳದ್ದೇನೂ ಅದರಲ್ಲಿರಲಿಲ್ಲ. ಮೂರನೆಯ ವಾರದಲ್ಲಿ ತರಬೇತಿ ಜಾರಿತು. ಇಚ್ಛಾಶಕ್ತಿಯು ಸ್ನಾಯುವಿನಂತೆ, ಬಳಸಿದಂತೆ ದಣಿಯುತ್ತದೆ, ವ್ಯಾಯಾಮ ಮಾಡಿಸಿದರೆ ಬಲಿಯುತ್ತದೆ ಎಂಬುದನ್ನು ವಿಜ್ಞಾನ ಸಾಬೀತುಪಡಿಸಿದೆಯೆಂದು ಅಲ್ಲಿ ಪೂರ್ಣ ಭರವಸೆಯಿಂದ ಹೇಳಲಾಗಿದೆ. ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಈ ವಿಚಾರ ಪ್ರಸಿದ್ಧಿಗೆ ಬಂದದ್ದು ನಿಜ. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅದೇ ಪರಿಣಾಮವನ್ನು ಪರೀಕ್ಷಿಸಿದಾಗ ಅದು ಸೊನ್ನೆಗೆ ಹತ್ತಿರವಿತ್ತು. ಆ ಬಳಿಕ ಮನೋವಿಜ್ಞಾನದಲ್ಲಿ ಈ ವಿಚಾರ ವಿವಾದಕ್ಕೆ ಸಿಲುಕಿದೆ. ವಿಶ್ವಾಸಿಗಳಿಗೆ ಕಲಿಸುವವರು ವಿಜ್ಞಾನದ ಹೆಸರನ್ನು ಎತ್ತುವುದಾದರೆ ಇಷ್ಟನ್ನಾದರೂ ಹೇಳಬೇಕಾಗಿತ್ತು. ಅದಕ್ಕಿಂತ ಮುಖ್ಯವಾದ ಆಕ್ಷೇಪವೆಂದರೆ, ಸಂಯಮವು ಫಲವೆಂದು ಮೊದಲ ವಾರ ಅಷ್ಟು ಸೊಗಸಾಗಿ ಕಲಿಸಿದವರು ಮೂರನೆಯ ವಾರದಲ್ಲಿ ಅದನ್ನು ವ್ಯಾಯಾಮಶಾಲೆಗೆ ಒಯ್ದದ್ದು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಓಟಗಾರನ ಉದಾಹರಣೆಯನ್ನು ಕೊಡುತ್ತಾನಲ್ಲವೇ ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಎರಡು ವರ್ಷಕ್ಕೊಮ್ಮೆ ಗ್ರೀಸಿನ ಕೊರಿಂಥ ನಗರದ ಸಮೀಪದಲ್ಲೇ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದುದರಿಂದ ಆ ಓದುಗರಿಗೆ ಗೆದ್ದವರಿಗೆ ತೊಡಿಸುವ ಎಲೆಯ ಕಿರೀಟ ಎಷ್ಟು ಬೇಗ ಬಾಡುತ್ತದೆಂಬುದು ಕಣ್ಣಾರೆ ಗೊತ್ತಿತ್ತು. ಆದರೆ ಪೌಲನ ಗಮನವಿರುವುದು ಓಟಗಾರನ ತೋಳುತೊಡೆಗಳ ಮೇಲಲ್ಲ, ಬಾಡದ ಕಿರೀಟದ ಮೇಲೆ. ಬಯಕೆಗಳನ್ನು ಹಿಡಿದಿಡುವ ಬಲ ಇನ್ನೂ ದೊಡ್ಡದೊಂದು ಬಯಕೆಯಿಂದ ಬರುತ್ತದೆಂಬ ಈ ಮುಖ್ಯ ಮಾತು ಮೂರನೆಯ ವಾರದಲ್ಲಿ ಎಲ್ಲಿಯೂ ಇಲ್ಲ.

ನಾಲ್ಕನೆಯ ವಾರದಿಂದ ಅಭ್ಯಾಸಗಳು ಆರಂಭವಾಗುತ್ತವೆ, ಮತ್ತು ತರಬೇತಿ ಮತ್ತೆ ತನ್ನ ದಾರಿಗೆ ಬರುತ್ತದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸನು ಮನುಷ್ಯನನ್ನು ಕಾಡುವ ಆಲೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಎದುರಾಗಿ ಹೇಳಬೇಕಾದ ದೇವರ ವಾಕ್ಯಗಳನ್ನು ಸಂಗ್ರಹಿಸಿಟ್ಟಿದ್ದನು. ಅಡವಿಯಲ್ಲಿ ಸೈತಾನನು ಶೋಧಿಸಿದಾಗ ಯೇಸು ಮೂರು ಸಲವೂ ಧರ್ಮೋಪದೇಶಕಾಂಡದ ವಾಕ್ಯದಿಂದಲೇ ಉತ್ತರಿಸಿದ್ದು ಈ ಅಭ್ಯಾಸಕ್ಕೆ ಮಾದರಿ. ತಮ್ಮ ದೋಷಕ್ಕೆ ತಕ್ಕ ಒಂದೇ ವಾಕ್ಯವನ್ನು ಆರಿಸಿ, ಕೋಪ ಬಂದ ಮೇಲಲ್ಲ, ಬರುವ ಮುಂಚೆಯೇ ಅದನ್ನು ಹೇಳಿಕೊಳ್ಳಬೇಕೆಂದು ಸೂಚಿಸಲಾಗಿತ್ತು. ಬಾಯಿಗೆ ಕಾವಲಿಡು ಎಂದು ದೇವರನ್ನು ಬೇಡುವ 141ನೆಯ ಕೀರ್ತನೆಯ ವಚನವನ್ನು ನಾನು ಆರಿಸಿಕೊಂಡೆ. ಮೇಜಿನ ಬಳಿ ಕುರ್ಚಿ ಎಳೆದುಕೊಳ್ಳುವಾಗ ಅದನ್ನು ಮನಸ್ಸಿನಲ್ಲಿ ಹೇಳುವುದು ರೂಢಿಯಾಯಿತು. ಕಾವಲುಗಾರನನ್ನು ನೇಮಿಸುವವನು ನಾನಲ್ಲ, ದೇವರು ಎಂಬುದು ಆ ವಚನದಲ್ಲೇ ಇರುವುದರಿಂದ ಅದನ್ನು ಹೇಳುವಾಗ ಮೈ ಬಿಗಿಯುವ ಬದಲು ಸಡಿಲವಾಗುತ್ತಿತ್ತು.

ಇನ್ನು ಟಿಪ್ಪಣಿ ಪುಸ್ತಕದ ವಿಷಯ. ಆರು ವಾರಗಳ ಸಾಮಗ್ರಿಯಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಇದರ ವಿನ್ಯಾಸ ಹೊಸದಲ್ಲ. ಜೆಸ್ವಿಟ್ ಸಂಘವನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲನ ಆತ್ಮಿಕ ಸಾಧನೆಯ ಕೈಪಿಡಿಗೆ 1548ರಲ್ಲಿ ಪೋಪರ ಒಪ್ಪಿಗೆ ದೊರೆಯಿತು, ಅದರಲ್ಲಿರುವ ವಿಶೇಷ ಆತ್ಮಪರೀಕ್ಷೆಯ ಪದ್ಧತಿಯೇ ಇದು. ಒಂದು ಕಾಲಕ್ಕೆ ಒಂದೇ ದೋಷವನ್ನು ತೆಗೆದುಕೊಳ್ಳಬೇಕು. ಬೆಳಗ್ಗೆ ಎದ್ದೊಡನೆ ಅದನ್ನು ನೆನೆಯಬೇಕು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಹಿಂದಿರುಗಿ ನೋಡಿ, ಎಷ್ಟು ಸಲ ಬಿದ್ದೆವೋ ಅಷ್ಟು ಚುಕ್ಕೆಗಳನ್ನು ಆ ದಿನದ ಎರಡು ಗೆರೆಗಳ ಮೇಲೆ ಇಡಬೇಕು. ಬಿದ್ದ ಕ್ಷಣದಲ್ಲಿ ಮಾಡಬೇಕಾದುದು ಇನ್ನೂ ಸರಳ: ಪಶ್ಚಾತ್ತಾಪದಿಂದ ಎದೆಯ ಮೇಲೆ ಕೈಯಿಟ್ಟರೆ ಸಾಕು, ಹತ್ತು ಜನರ ನಡುವೆ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ಇಗ್ನೇಷಿಯಸನೇ ಹೇಳುತ್ತಾನೆ. ನನ್ನ ವಿಷಯದಲ್ಲಿ ಮಗನಿಗೆ ಗೊತ್ತಾಯಿತು. "ಅಪ್ಪಾ, ಎದೆ ನೋಯುತ್ತಿದೆಯಾ?" ಎಂದು ಅವನು ಪೆನ್ಸಿಲ್ ಕೆಳಗಿಟ್ಟು ಕೇಳಿದನು. ಹೌದೆಂದೇ ಹೇಳಿ, ಕಾರಣವನ್ನೂ ಹೇಳಿದೆ. ತಂದೆ ತನ್ನ ಮಾತಿಗಾಗಿ ಮಗನಲ್ಲಿ ಕ್ಷಮೆ ಕೇಳುವ ಸಂದರ್ಭ ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಬಂದಿರಲಿಲ್ಲ.

ಚುಕ್ಕೆಗಳಿಂದ ನನಗೆ ತಿಳಿದದ್ದು ನಾನು ಎಣಿಸಿದ್ದಕ್ಕಿಂತ ಬೇರೆಯಾಗಿತ್ತು. ನನ್ನ ಕೋಪಕ್ಕೆ ಮಗನ ತಪ್ಪುಗಳೇ ಕಾರಣವೆಂದು ತಿಳಿದಿದ್ದೆ. ಆದರೆ ರಾತ್ರಿಯ ಗೆರೆ ತುಂಬಿದ್ದ ದಿನಗಳಲ್ಲೆಲ್ಲ ಮಧ್ಯಾಹ್ನದ ಗೆರೆಯ ಮೇಲೂ ಚುಕ್ಕೆಗಳಿದ್ದವು, ಅವು ಕೆಲಸದ ಜಾಗದಲ್ಲಿ ನುಂಗಿಕೊಂಡ ಅವಮಾನಕ್ಕೆ ಸಂಬಂಧಿಸಿದವು. ಕೋಪವನ್ನು ಬೆಳಗಿನಿಂದ ಹೊತ್ತು ತಂದು ಸಂಜೆ ಮಗುವಿನ ಮುಂದೆ ಇಳಿಸುತ್ತಿದ್ದೆ. ಆಮೇಲೆ ಮನೆಯ ಬಾಗಿಲು ದಾಟುವ ಮೊದಲು ಐದು ನಿಮಿಷ ಹೊರಗೆ ನಿಂತು ಆ ದಿನದ ನೋವನ್ನು ದೇವರಿಗೆ ಹೆಸರಿಟ್ಟು ಹೇಳಲು ಆರಂಭಿಸಿದೆ.

ಇಷ್ಟು ಒಳ್ಳೆಯ ಪುಸ್ತಕವನ್ನು ಕೊಟ್ಟವರೇ ಅದರ ಜೊತೆಗೆ ಆ ಆಪ್ ಅನ್ನು ಏಕೆ ಕೊಟ್ಟರೋ ನನಗೆ ಅರ್ಥವಾಗಲಿಲ್ಲ. ಬೀಳದೆ ಕಳೆದ ಸತತ ದಿನಗಳನ್ನು ಅದು ದೊಡ್ಡ ಅಂಕೆಯಲ್ಲಿ ತೋರಿಸುತ್ತದೆ. ಒಂದು ಸಲ ಬಿದ್ದೆವೆಂದು ಗುರುತಿಸಿದರೆ ಅಂಕೆ ಸೊನ್ನೆಗೆ ಇಳಿಯುತ್ತದೆ, ಗುಂಪಿನ ಉಳಿದ ಮೂವರಿಗೂ ಅದು ಕಾಣುತ್ತದೆ. ಮೇಲ್ನೋಟಕ್ಕೆ ಎರಡೂ ಲೆಕ್ಕವೇ, ಆದರೆ ಎರಡು ಬೇರೆ ಬೇರೆ ಸುವಾರ್ತೆಗಳನ್ನು ಸಾರುವ ಲೆಕ್ಕಗಳು. ಪುಸ್ತಕದಲ್ಲಿ ನಿನ್ನೆಯ ಐದು ಚುಕ್ಕೆಗಳ ಪಕ್ಕದಲ್ಲಿ ಇಂದಿನ ಮೂರು ಚುಕ್ಕೆಗಳು ನಿಲ್ಲುತ್ತವೆ, ಈ ವಾರವನ್ನು ಕಳೆದ ವಾರದೊಡನೆ ಹೋಲಿಸುತ್ತೇವೆ, ಬಿದ್ದದ್ದೂ ಎದ್ದದ್ದೂ ಎರಡೂ ಅಲ್ಲಿ ಉಳಿಯುತ್ತವೆ. ಆಪ್‌ನಲ್ಲಿ ಹನ್ನೆರಡು ದಿನಗಳ ಬೆಳವಣಿಗೆ ಒಂದು ಮಾತಿನಿಂದ ಅಳಿಸಿಹೋಗುತ್ತದೆ. ನೀತಿವಂತನು ಏಳು ಸಲ ಬಿದ್ದರೂ ಏಳುತ್ತಾನೆ ಎಂದು ಹೇಳುವ ಜ್ಞಾನೋಕ್ತಿಗಳ 24ನೆಯ ಅಧ್ಯಾಯವನ್ನು ಅದೇ ವಾರ ಓದಲು ಕೊಟ್ಟು, ಅದೇ ವಾರ ಅಂಕೆಯನ್ನು ಸೊನ್ನೆ ಮಾಡಿ ತೋರಿಸುವುದು ಕಲಿಯುವವರ ಮನಸ್ಸನ್ನು ಎರಡು ಕಡೆಗೆ ಎಳೆಯುತ್ತದೆ. ಹದಿಮೂರನೆಯ ದಿನ ನಾನು ಬಿದ್ದಾಗ ಮೊದಲು ಬಂದ ಯೋಚನೆ ಮಗನ ಮುಖದ್ದಲ್ಲ, ಅಂಕೆಯದ್ದು. ಒಂದು ಕ್ಷಣ, ಅದನ್ನು ಗುರುತಿಸದೆ ಬಿಟ್ಟರೆ ಹೇಗೆ ಎಂದೂ ಅನ್ನಿಸಿತು. ಸಂಯಮ ಕಲಿಸಬೇಕಾದ ಉಪಕರಣ ಸುಳ್ಳಿಗೆ ಆಸೆ ಹುಟ್ಟಿಸುವುದಾದರೆ ಅದರಲ್ಲಿ ಮೂಲದಲ್ಲೇ ದೋಷವಿದೆ. ನಾನು ಅಂದೇ ಅದನ್ನು ಮೊಬೈಲಿನಿಂದ ತೆಗೆದುಹಾಕಿದೆ.

ಗುಂಪಿನ ಸಭೆಗಳ ಬಗ್ಗೆ ಒಳ್ಳೆಯ ಮಾತನ್ನೇ ಹೇಳಬೇಕು. ಮೆಥೊಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿ 1738ರಲ್ಲಿ ಚಿಕ್ಕ ಗುಂಪುಗಳಿಗಾಗಿ ನಿಯಮಗಳನ್ನು ಬರೆದಾಗ, ಕಳೆದ ಸಭೆಯ ನಂತರ ತಿಳಿದು ಮಾಡಿದ ಪಾಪವೇನು, ಎದುರಿಸಿದ ಶೋಧನೆಯೇನು, ಅದರಿಂದ ಬಿಡುಗಡೆಯಾದದ್ದು ಹೇಗೆ ಎಂಬ ಪ್ರಶ್ನೆಗಳನ್ನು ಪ್ರತಿ ಸಭೆಯಲ್ಲೂ ಕೇಳಬೇಕೆಂದಿದ್ದನು. ಇಲ್ಲಿಯೂ ಆ ಪ್ರಶ್ನೆಗಳೇ ಇದ್ದವು, ಮತ್ತು ಮೂರನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಟ್ಟದ್ದರಿಂದ ಸಭೆ ಬರಿಯ ತಪ್ಪೊಪ್ಪಿಗೆಯಲ್ಲಿ ಮುಗಿಯಲಿಲ್ಲ. ಒಂದೇ ಕೊರತೆಯೆಂದರೆ, ಇಲ್ಲಿ ಹೇಳಿದ್ದನ್ನು ಹೊರಗೆ ಹೇಳಬಾರದೆಂಬ ನಿಯಮವನ್ನು ಎರಡನೆಯ ವಾರದಲ್ಲಿ ತಿಳಿಸಿದರು. ಅಷ್ಟರಲ್ಲಿ ಒಬ್ಬರು ತಮ್ಮ ಮನೆಯ ಸಂಗತಿಗಳನ್ನು ಹೇಳಿಕೊಂಡಾಗಿತ್ತು. ಇದನ್ನು ಮೊದಲ ಸಭೆಯ ಮೊದಲ ಮಾತಾಗಿ ಹೇಳಬೇಕು.

ಐದನೆಯ ವಾರದ ಉಪವಾಸದ ಪಾಠವನ್ನು ಬೇಗ ದಾಟಬಹುದು. ಉಪವಾಸ ಗುಟ್ಟಾಗಿರಬೇಕೆಂಬ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಬೋಧನೆಯನ್ನು ಸರಿಯಾಗಿಯೇ ವಿವರಿಸಿದ್ದಾರೆ. ಮಧುಮೇಹ ಇರುವವರು, ಗರ್ಭಿಣಿಯರು ಮತ್ತು ಊಟಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆ ಇರುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದೆಂಬ ಎಚ್ಚರಿಕೆ ಮಾತ್ರ ವಿಡಿಯೊದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬಂದು ಮಾಯವಾಗುತ್ತದೆ.

ಇದಕ್ಕಿಂತ ಗಂಭೀರವಾದ ಲೋಪ ಆರನೆಯ ವಾರದಲ್ಲಿದೆ. ಮದ್ಯ, ಮಾದಕವಸ್ತು, ಜೂಜು ಇವುಗಳನ್ನು ನನ್ನ ಕೋಪದಂಥ ದೋಷಗಳ ಸಾಲಿನಲ್ಲೇ ಇಟ್ಟು, ಎಲ್ಲಕ್ಕೂ ವಾಕ್ಯ, ಪ್ರಾರ್ಥನೆ, ಗುಂಪು ಎಂಬ ಒಂದೇ ಉಪಾಯವನ್ನು ಹೇಳಿದ್ದಾರೆ. ಬಹುಕಾಲ ವಿಪರೀತವಾಗಿ ಕುಡಿದವರು ವೈದ್ಯರ ನಿಗಾ ಇಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರದಂಥ ಸೆಳೆತ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಚಿಕಿತ್ಸೆ ಪಡೆಯುವುದು ನಂಬಿಕೆಯ ಕೊರತೆಯಲ್ಲ. ಲೂಕನನ್ನು ಪ್ರಿಯ ವೈದ್ಯನೆಂದು ಕರೆದವನು ಪೌಲನೇ. ಅಂಥ ಹೋರಾಟದಲ್ಲಿರುವವರಿಗೆ ಈ ತರಬೇತಿಯನ್ನು ಒಂಟಿಯಾಗಿ ಶಿಫಾರಸು ಮಾಡಲಾರೆ. ಚಿಕಿತ್ಸೆಯ ಜೊತೆಯಲ್ಲಿ ಸೇರಿದರೆ ಮೊದಲ ಮತ್ತು ನಾಲ್ಕನೆಯ ಪಾಠಗಳು ಅವರಿಗೆ ಆಸರೆಯಾಗಬಹುದು.

ದಿನನಿತ್ಯದ ನಡತೆಯಲ್ಲಿ ಒಂದೇ ಕಡೆ ಮತ್ತೆ ಮತ್ತೆ ಮುಗ್ಗರಿಸುವ ನನ್ನಂಥವರಿಗೆ ಇದು ಸಾರ್ಥಕವಾದ ಆರು ವಾರ. ಸೇರುವವರು ಮೂರನೆಯ ಪಾಠವನ್ನು ಎಚ್ಚರದಿಂದ ಕೇಳಲಿ, ಆಪ್ ಕಡ್ಡಾಯವೇ ಎಂದು ಮೊದಲೇ ವಿಚಾರಿಸಲಿ. ನಾನು ವಿಚಾರಿಸಿದಾಗ ಕಡ್ಡಾಯವಲ್ಲವೆಂಬ ಉತ್ತರ ಬಂತು, ಆದರೆ ಆ ಮಾತು ಸೂಚನೆಗಳಲ್ಲಿ ಎಲ್ಲಿಯೂ ಇರಲಿಲ್ಲ. ಈ ಆಕ್ಷೇಪಗಳನ್ನೆಲ್ಲ ಸಂಸ್ಥೆಗೂ ಬರೆದು ಕಳುಹಿಸಿದ್ದೇನೆ. ಮುಂದಿನ ತಂಡಕ್ಕೆ ಎಣಿಕೆಯನ್ನು ಕೈಬಿಟ್ಟು ಪುಸ್ತಕವನ್ನಷ್ಟೇ ಕೊಡುವುದಾದರೆ ನನ್ನ ಹೆಂಡತಿಯೂ ಸೇರುವುದಾಗಿ ಹೇಳಿದ್ದಾಳೆ, ಅವಳೊಡನೆ ನಾನು ಮತ್ತೊಮ್ಮೆ ಕುಳಿತುಕೊಳ್ಳುತ್ತೇನೆ.