ವ್ಯಾನಿನಲ್ಲಿ ಮಲಗುವವರೇ, ಅಗ್ಗದ ಜಾಲರಿ ಪರದೆ ನಂಬಬೇಡಿ

ಹೋದ ವರ್ಷ ನವೆಂಬರಿನಿಂದ ನಾನು, ನಮ್ಮವರು ಹಳೆಯ ಓಮ್ನಿಯಲ್ಲೇ ಊರೂರು ಸುತ್ತಿಕೊಂಡು, ಅದರಲ್ಲೇ ಮಲಗುತ್ತಿದ್ದೇವೆ. ಹಿಂದಿನ ಸೀಟು ತೆಗೆಸಿ, ಪ್ಲೈವುಡ್ ಹಾಸಿ ಮಂಚ ಮಾಡಿಕೊಂಡೆವು. ನೀರಿನ ಕ್ಯಾನು, ಫ್ಯಾನು, ಬ್ಯಾಟರಿ ಎಲ್ಲದಕ್ಕೂ ನಾಲ್ಕು ಕಡೆ ವಿಚಾರಿಸಿ ದುಡ್ಡು ಹಾಕಿದೆವು. ಕಿಟಕಿ ಪರದೆ ತಾನೇ, ಯಾವುದಾದರೇನು ಅಂತ ಆನ್‌ಲೈನಿನಲ್ಲಿ ಕಂಡ ಅಗ್ಗದ ಕರಿ ಜಾಲರಿ ಸೆಟ್ ತರಿಸಿಬಿಟ್ಟೆವು. ಆ ತಪ್ಪನ್ನು ನೀವು ಮಾಡಬೇಡಿ. ಹೆಣ್ಣುಮಕ್ಕಳು ಇದನ್ನು ಪೂರ್ತಿ ಓದಿ ಅಂತ ಕೇಳಿಕೊಳ್ಳುತ್ತೇನೆ.

ತಂದ ದಿನ ಮಧ್ಯಾಹ್ನ ಪರೀಕ್ಷೆ ಮಾಡಿಯೇ ಹಾಕಿದ್ದೆವು. ಹೊರಗೆ ನಿಂತು ನೋಡಿದರೆ ಒಳಗೆ ಏನೂ ಕಾಣಲಿಲ್ಲ, ಬರೀ ಕಪ್ಪು. ಒಳಗಿನಿಂದ ನೋಡಿದರೆ ರಸ್ತೆಯೆಲ್ಲ ಚೆನ್ನಾಗಿ ಕಾಣುತ್ತಿತ್ತು. ಇನ್ನೇನು ಬೇಕು ಅಂದುಕೊಂಡೆವು.

ಆಮೇಲೆ ಮರವಂತೆಗೆ ಹೋದೆವು. ಹೆದ್ದಾರಿ 66ರ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ. ಜಾಗ ಎಷ್ಟು ಹಿಡಿಸಿತೆಂದರೆ ಒಂದು ಚಹಾ ಅಂಗಡಿ ಪಕ್ಕ ಗಾಡಿ ನಿಲ್ಲಿಸಿ ಮೂರು ರಾತ್ರಿ ಅಲ್ಲೇ ಉಳಿದೆವು. ಉಪ್ಪು ಗಾಳಿಗೆ ಮೈಯೆಲ್ಲ ಅಂಟು. ದಿನಾ ಸಂಜೆ ಕತ್ತಲಾದ ಮೇಲೆ ಒಳಗೆ ಎಲ್‌ಇಡಿ ಲೈಟ್ ಹಾಕಿ, ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಂಡು ಬಟ್ಟೆ ಬದಲಿಸುತ್ತಿದ್ದೆ. ಪರದೆ ಇದೆಯಲ್ಲ ಅಂತ ಧೈರ್ಯ.

ನಾಲ್ಕನೇ ದಿನ ಬೆಳಿಗ್ಗೆ ಚಹಾ ತರಲು ಹೋದಾಗ ಅಂಗಡಿಯ ಅಮ್ಮ ನನ್ನನ್ನು ಹಿಂದುಗಡೆ ಕರೆದರು. ನಮ್ಮವರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು: ‘ರಾತ್ರಿ ಲೈಟ್ ಹಾಕ್ರೆ ಒಳ್ಗಿಪ್ದೆಲ್ಲ ಕಾಂತ್ ಮಗಾ.’ ಲಾರಿಯವರು ಅಲ್ಲೇ ನಿಂತು ಚಹಾ ಕುಡಿಯುತ್ತಾರೆ. ಮೂರು ಸಂಜೆ. ಬಿಸಿ ಲೋಟ ಕೈ ಸುಡುತ್ತಿದ್ದರೂ ಕೆಳಗಿಡಲು ತೋಚಲಿಲ್ಲ ನನಗೆ. ಆ ತಾಯಿ ಹೇಳದಿದ್ದರೆ ಇನ್ನೂ ಎಷ್ಟು ದಿನ ಹಾಗೇ ನಡೆಯುತ್ತಿತ್ತೋ.

ಅವತ್ತು ರಾತ್ರಿ ಬೇರೆ ಕಡೆ ಗಾಡಿ ನಿಲ್ಲಿಸಿ, ನಮ್ಮವರನ್ನು ಒಳಗೆ ಕೂರಿಸಿ ಲೈಟ್ ಹಾಕಿಸಿದೆ. ಹತ್ತು ಹೆಜ್ಜೆ ದೂರ ನಿಂತು ನೋಡಿದೆ. ಅವರ ಕನ್ನಡಕ ಕಾಣುತ್ತಿತ್ತು. ಅಂಗಿಯ ಗೆರೆಗಳೂ ಕಾಣುತ್ತಿದ್ದವು. ಲೈಟ್ ಆರಿಸಲು ಹೇಳಿದೆ, ಮತ್ತೆ ಬರೀ ಕಪ್ಪು.

ಕಾರಣ ತುಂಬಾ ಸರಳ. ಬೆಳಕು ಯಾವ ಕಡೆ ಜಾಸ್ತಿಯೋ ಆ ಕಡೆ ಇರುವುದು ಕಾಣುತ್ತದೆ. ಮನೆಯ ಕಿಟಕಿಗೆ ಹಾಕಿದ ಸೊಳ್ಳೆ ಜಾಲರಿಯೂ ಹೀಗೇ ಅಲ್ವಾ? ಹಗಲು ರಸ್ತೆಯವರಿಗೆ ನಾವು ಕಾಣುವುದಿಲ್ಲ, ದೀಪ ಹಚ್ಚಿದ ಮೇಲೆ ನಾವೇ ಕಾಣುತ್ತೇವೆ. ಕನ್ನಡಿಯ ಹಾಗೆ ಹೊಳೆಯುವ ‘ಒನ್ ವೇ’ ಫಿಲಂ ಕೂಡ ಇದೇ ಲೆಕ್ಕ. ಮಾರುವವರು ಹಗಲಿನ ಫೋಟೊ ಮಾತ್ರ ಹಾಕಿರುತ್ತಾರೆ.

ಗಾಬರಿಯಲ್ಲಿ ಆಮೇಲೆ ಇನ್ನೊಂದು ತಪ್ಪು ಮಾಡಿದೆವು. ಪಕ್ಕದ ಗಾಜಿಗೆಲ್ಲ ಕರಿ ಫಿಲಂ ಅಂಟಿಸಿದೆವು. ಎರಡೇ ವಾರಕ್ಕೆ ತಪಾಸಣೆಯಲ್ಲಿ ಸಿಕ್ಕಿ ದಂಡ ಕಟ್ಟಿ, ಅಲ್ಲೇ ಕಿತ್ತೂ ಹಾಕಿದೆವು. ಮುಂದಿನ ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ 50% ಬೆಳಕು ದಾಟಬೇಕು ಅನ್ನುವುದು ನಿಯಮ. 2012ರಲ್ಲಿ ಸುಪ್ರೀಂ ಕೋರ್ಟ್ ಕರಿ ಫಿಲಂ ತೆಗೆಸಲು ಕಟ್ಟುನಿಟ್ಟಾಗಿ ಹೇಳಿತ್ತು. ಅರ್ಧ ಬೆಳಕು ದಾಟುವ ಗಾಜು ರಾತ್ರಿ ದೀಪ ಹಚ್ಚಿದಾಗ ನಿಮ್ಮನ್ನು ಹೇಗೂ ಮರೆಮಾಡುವುದಿಲ್ಲ. ಸುಮ್ನೆ ದುಡ್ಡು ದಂಡ.

ರಟ್ಟು ಕತ್ತರಿಸಿ ಇಟ್ಟೂ ನೋಡಿದೆವು. ಇಬ್ಬರು ಉಸಿರಾಡುವ ಆವಿ ರಾತ್ರಿಯೆಲ್ಲ ಗಾಜಿನ ಮೇಲೆ ನೀರಾಗಿ ಇಳಿದು, ವಾರದಲ್ಲಿ ರಟ್ಟು ಉಬ್ಬಿ ಬೂಷ್ಟು ಹಿಡಿಯಿತು. ಡಬಲ್ ಟೇಪ್ ಬಿಸಿಲಿಗೆ ಕರಗಿ ಜಾರಿತು. ಗಾಜಿಗೆ ಒತ್ತಿ ಅಂಟಿಸುವ ರಬ್ಬರ್ ಬಟ್ಟಲುಗಳೂ ನಡುರಾತ್ರಿ ಟಪ್ ಅಂತ ಬಿಡುತ್ತವೆ.

ಈಗ ನಾವು ಬಳಸುತ್ತಿರುವುದು ತಗಡಿನ ಚಾವಣಿ ಕೆಳಗೆ ಬಿಸಿಲು ತಡೆಯಲು ಹೊಡೆಯುತ್ತಾರಲ್ಲ, ಆ ಬೆಳ್ಳಿ ಬಣ್ಣದ ಬಬಲ್ ಶೀಟು. ಮೊದಲು ಗಾಜಿಗೆ ನ್ಯೂಸ್‌ಪೇಪರ್ ಹಿಡಿದು ಅಳತೆ ತೆಗೆದುಕೊಳ್ಳಿ. ಶೀಟನ್ನು ಅದಕ್ಕಿಂತ ಒಂದು ಬೆರಳು ದೊಡ್ಡದಾಗಿ ಕತ್ತರಿಸಿದರೆ ರಬ್ಬರ್ ಬೀಡಿಂಗಿನೊಳಗೆ ಬಿಗಿಯಾಗಿ ಕೂರುತ್ತದೆ, ಅಂಟು ಬೇಡ. ಒಂದು ಮೈಗೆ ದಪ್ಪ ಕರಿ ಬಟ್ಟೆ ಹೊಲಿಸಿ. ರಾತ್ರಿ ಆ ಕಪ್ಪು ಮೈ ಹೊರಗೆ ಬರಲಿ, ಬೆಳ್ಳಿ ಹೊಳೆದರೆ ಒಳಗೆ ಯಾರೋ ಇದ್ದಾರೆ ಅಂತ ದೂರಕ್ಕೇ ಗೊತ್ತಾಗುತ್ತದೆ. ಹಗಲು ಬಿಸಿಲಲ್ಲಿ ನಿಂತರೆ ಎಡಗಡೆಯ ತುಂಡನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ, ಬೆಳ್ಳಿ ಮೈ ತಾನಾಗಿ ಹೊರಗೆ ಬರುತ್ತದೆ. ಓಮ್ನಿಗೆ ಒಟ್ಟು ಎಂಟು ಗಾಜು. ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು.

ಮುಚ್ಚುವ ಭರದಲ್ಲಿ ಗಾಳಿಗೆ ಅಡ್ಡ ಮಾಡಬೇಡಿ. ಎರಡು ಕಿಟಕಿ ಎರಡೆರಡು ಬೆರಳು ತೆರೆದಿರಲಿ. ಎಲ್ಲ ಮುಚ್ಚಿಕೊಂಡು ಒಳಗೆ ಸ್ಟವ್ ಅಥವಾ ಇದ್ದಿಲು ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಮುಂದಿನ ಗಾಜಿನ ತುಂಡಿಗೆ ಒಂದು ಬಟ್ಟೆಯ ಕಿವಿ ಹೊಲಿಸಿಕೊಳ್ಳಿ. ಒಮ್ಮೆ ರಾತ್ರಿ ಎರಡು ಗಂಟೆಗೆ ಯಾರೋ ಗಾಡಿಯ ಬಾಗಿಲು ಜಗ್ಗಿದಾಗ, ಆ ಕಿವಿ ಹಿಡಿದು ಒಂದೇ ಸಲ ಎಳೆದು, ಸ್ಟಾರ್ಟ್ ಮಾಡಿ ಹೊರಟುಬಿಟ್ಟೆವು.

ಹೊಸ ಜಾಗಕ್ಕೆ ಹೋದಾಗಲೆಲ್ಲ ಕತ್ತಲಾದ ಮೇಲೆ ಒಬ್ಬರು ಒಳಗೆ ಲೈಟ್ ಹಾಕಿ ಕೂರುತ್ತೇವೆ, ಇನ್ನೊಬ್ಬರು ಹೊರಗೆ ಒಂದು ಸುತ್ತು ಹಾಕುತ್ತೇವೆ. ಹೋದ ವಾರ ಜಾರುವ ಬಾಗಿಲಿನ ಹಿಂದಿನ ಮೂಲೆಯಲ್ಲಿ ಸಣ್ಣ ಬೆಳಕಿನ ಗೆರೆ ಕಂಡಿತು. ಸದ್ಯಕ್ಕೆ ಅಲ್ಲಿ ಕಾಲುಚೀಲ ತುರುಕಿದ್ದೇವೆ. ಶೀಟು ಇನ್ನೂ ಅರ್ಧ ಮೀಟರ್ ಉಳಿದಿದೆ, ಆ ತುಂಡನ್ನು ಹೊಸದಾಗಿ ಕತ್ತರಿಸಬೇಕು.