ರೂಗರ್ ಪಿಸಿ ಕಾರ್ಬೈನ್: ಪಂದ್ಯಕ್ಕೆ ಎಷ್ಟು ಸಾಕು, ಎಲ್ಲಿ ಸಾಲದು

ಮೊದಲೇ ಹೇಳಿಬಿಡುತ್ತೇನೆ. ಸ್ಟೀಲ್ ಚಾಲೆಂಜ್ (ಉಕ್ಕಿನ ತಟ್ಟೆಗಳಿಗೆ ಬೇಗ ಬೇಗ ಹೊಡೆಯುವ ಪಂದ್ಯ) ಆಡುವವರಿಗೆ ಈ ಕೋವಿ ಧಾರಾಳ ಸಾಕು. ಯುಎಸ್‌ಪಿಎಸ್‌ಎ (ಓಡಾಡುತ್ತ ಗುರಿಗಳಿಗೆ ಹೊಡೆಯುವ ಆಟ ನಡೆಸುವ ಅಮೆರಿಕದ ಸಂಸ್ಥೆ) ಪಂದ್ಯಕ್ಕೆ ಇಳಿಯುವವರಿಗೆ ಶುರು ಮಾಡೋಕೆ ಒಳ್ಳೆಯದು, ಆದರೆ ಪಟ್ಟಿಯಲ್ಲಿ ಮೇಲಕ್ಕೆ ಬರಬೇಕು ಅನ್ನೋ ಹಟ ಹತ್ತಿದ ದಿನ ಇದರ ತೂಕ, ಬೋಲ್ಟಿನ (ಗುಂಡು ಹಾರಿದಾಗ ಒಳಗೆ ಹಿಂದೆ ಮುಂದೆ ಓಡುವ ಭಾಗ) ಕುಲುಕು ಎರಡೂ ಅಡ್ಡ ಬರುತ್ತವೆ. ಡಲ್ಲಾಸ್ ಸುತ್ತಮುತ್ತ ಇರುವ ನಮ್ಮ ಕನ್ನಡದವರು ಕೆಲವರು ಇತ್ತೀಚೆಗೆ ಈ ಆಟಕ್ಕೆ ಬರುತ್ತಿದ್ದಾರೆ. ಬಂದವರೆಲ್ಲ ಕೇಳುವುದು ಒಂದೇ: "ಯಾವುದು ತಗೊಳ್ಳಲಿ, ಅದಕ್ಕೆ ಏನೇನು ಹಾಕಿಸಲಿ?" ಎರಡನೇ ಪ್ರಶ್ನೆಗೆ ನನ್ನ ಉತ್ತರ ಬದಲಾಗಿಲ್ಲ. ಬಿಡಿಭಾಗಕ್ಕೆ ದುಡ್ಡು ಸುರಿಯಬೇಡಿ. ಡಾಟ್‌ಗೆ (ಗುರಿ ಹಿಡಿಯಲು ಬೆಳಕಿನ ಚುಕ್ಕಿ ತೋರಿಸುವ ಸೈಟ್), ಮ್ಯಾಗಜೀನ್‌ಗೆ (ತೋಟಾ ತುಂಬುವ ಡಬ್ಬಿ), ತೋಟಾಗೆ ಸುರಿಯಿರಿ.

ಕೋವಿಯ ವಿಷಯಕ್ಕೆ ಹೋಗುವ ಮೊದಲು ವೀಸಾ ವಿಷಯ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಅಮೆರಿಕದ ಫೆಡರಲ್ ಕಾನೂನು. ಬೇಟೆ ಲೈಸೆನ್ಸ್ ಇದ್ದರೆ ಅನ್ನುವಂಥ ಕೆಲವು ವಿನಾಯಿತಿ ಇವೆ, ಆದರೆ ಅದನ್ನು ಯಾರೋ ಗೆಳೆಯರು ಹೇಳಿದರು ಅಂತ ನಂಬಿ ಮುಂದುವರಿಯಬೇಡಿ, ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಬಂದವರಿಗೆ, ಪೌರತ್ವ ಇದ್ದವರಿಗೆ ಈ ತೊಡಕಿಲ್ಲ. ಇನ್ನೊಂದು ಮಾತು. ರೇಂಜ್‌ಗೆ ಒಯ್ಯುವ ಬ್ಯಾಗನ್ನೇ ಊರಿಗೆ ಹೋಗುವಾಗ ವಿಮಾನಕ್ಕೆ ತರಬೇಡಿ. ಅದರ ಮೂಲೆಯಲ್ಲಿ ಒಂದೇ ಒಂದು ತೋಟಾ ಸಿಕ್ಕಿದರೂ ಭಾರತದಲ್ಲಿ ಆರ್ಮ್ಸ್ ಆಕ್ಟ್ ಕೇಸು ಬೀಳಬಹುದು. ಈ ಕೋವಿ ಹಾರಿಸುವ 9 ಎಂಎಂ ತೋಟಾ ಅಲ್ಲಿ ನಿಷೇಧಿತ ಬೋರ್ (ಸಾಮಾನ್ಯ ಲೈಸೆನ್ಸಿಗೆ ಸಿಗದ ಅಳತೆ) ಬೇರೆ.

ಸರಿ, ಕೋವಿಗೆ ಬರೋಣ. ಪಿಸ್ತೂಲಿನ ತೋಟಾವನ್ನೇ ಹಾರಿಸುವ, ಆದರೆ ರೈಫಲ್‌ನಂತೆ ಭುಜಕ್ಕೆ ಒತ್ತಿ ಹಿಡಿಯುವ ಸಣ್ಣ ಕೋವಿಗೆ ಪಿಸಿಸಿ ಅನ್ನುತ್ತಾರೆ. ಯುಎಸ್‌ಪಿಎಸ್‌ಎ 2016ರಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು. ಆಮೇಲೆ ಎಲ್ಲ ಕಂಪನಿಗಳೂ ಈ ಕಡೆ ನುಗ್ಗಿದವು. ರೂಗರ್‌ನ ಈ ಮಾದರಿ 2017ರ ಕೊನೆಯಲ್ಲಿ ಬಂತು, ಆಗ ಕಂಪನಿ ಹಾಕಿದ್ದ ಬೆಲೆ 649 ಡಾಲರ್. ನಳಿಕೆ 16.12 ಇಂಚು, ತೂಕ 6.8 ಪೌಂಡ್, ಅಂದರೆ ಸುಮಾರು 3.1 ಕಿಲೋ. ಎರಡು ಭಾಗವಾಗಿ ಬಿಚ್ಚಿ ಬ್ಯಾಗಿಗೆ ಹಾಕಬಹುದು. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಮ್ಯಾಗಜೀನ್ ಕೂರುವ ಗೂಡನ್ನು ಬದಲಾಯಿಸುವ ಸೌಲಭ್ಯ. ರೂಗರ್‌ನದೇ ಮ್ಯಾಗಜೀನ್ ಬೇಕಾದರೆ ಅದು, ಗ್ಲಾಕ್ ಪಿಸ್ತೂಲಿನದು ಬೇಕಾದರೆ ಅದರ ಗೂಡು ಪೆಟ್ಟಿಗೆಯಲ್ಲೇ ಬರುತ್ತದೆ. ಗ್ಲಾಕ್ ಮ್ಯಾಗಜೀನ್ ಸಿಗದ ಅಂಗಡಿಯೇ ಇಲ್ಲ, ಆದ್ದರಿಂದ ಮೊದಲ ದಿನವೇ ಅದನ್ನು ಹಾಕಿಕೊಳ್ಳಿ.

ಈ ಜಾತಿಯ ಕೋವಿಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ಬ್ಲೋಬ್ಯಾಕ್ ಅನ್ನೋ ಸರಳ ವಿಧಾನದಲ್ಲಿ. ಬೋಲ್ಟನ್ನು ಬೀಗ ಹಾಕಿ ಹಿಡಿಯುವ ವ್ಯವಸ್ಥೆ ಇರುವುದಿಲ್ಲ. ಬೋಲ್ಟಿನ ಭಾರ ಮತ್ತು ಹಿಂದಿನ ಸ್ಪ್ರಿಂಗು, ಇವೆರಡೇ ಗುಂಡು ನಳಿಕೆ ಬಿಡುವ ತನಕ ಅದನ್ನು ತಡೆದು ನಿಲ್ಲಿಸುತ್ತವೆ. ಹಾಗಾಗಿ ಬೋಲ್ಟ್ ಭಾರವಾಗಿರಲೇಬೇಕು. ಆ ಭಾರ ಹಿಂದಕ್ಕೆ ಹೋಗಿ ಡಿಕ್ಕಿ ಹೊಡೆದು, ಮತ್ತೆ ಮುಂದಕ್ಕೆ ಬಂದು ಡಿಕ್ಕಿ ಹೊಡೆಯುತ್ತದೆ. 9 ಎಂಎಂ ತೋಟಾದ ಒದೆತ ಅಂಥದ್ದೇನಲ್ಲ, ಆದರೂ ಪಿಸಿಸಿ ಕೈಯಲ್ಲಿ ಕುಲುಕುವುದು ಇದಕ್ಕೇ. ರೂಗರ್‌ನವರು ಬೋಲ್ಟಿನೊಳಗೆ ಟಂಗ್‌ಸ್ಟನ್ ತುಂಡೊಂದನ್ನು ಜಾರುವ ಹಾಗೆ ಕೂರಿಸಿದ್ದಾರೆ. ಬೋಲ್ಟ್ ಹಿಂದೆ ತಾಗುವ ಹೊತ್ತಿಗೆ ಆ ತುಂಡು ಒಂದು ಕ್ಷಣ ತಡವಾಗಿ ಬಂದು ತಾಗಿ, ಪುಟಿಯುವುದನ್ನು ತಗ್ಗಿಸುತ್ತದೆ. ಕೆಲಸ ಮಾಡುತ್ತದಾ? ಹೌದು, ಅಗ್ಗದ ಬ್ಲೋಬ್ಯಾಕ್ ಕೋವಿಗಳ ಪಕ್ಕ ಇಟ್ಟು ಹೊಡೆದರೆ ಭುಜಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಮೆತ್ತಗೆ ಒದೆಯುವುದು ಬೇರೆ, ಡಾಟ್ ಕದಲದೆ ನಿಲ್ಲುವುದು ಬೇರೆ. ಪಂದ್ಯಕ್ಕೆ ಬೇಕಾದದ್ದು ಎರಡನೆಯದು.

ಅದನ್ನು ನೋಡುವ ಕ್ರಮ ಹೇಳುತ್ತೇನೆ, ಯಾವ ಪಿಸಿಸಿ ಕೊಳ್ಳುವ ಮೊದಲೂ ಇದನ್ನು ಮಾಡಿ. ರೇಂಜ್‌ನಲ್ಲಿ ಗುರಿಹಲಗೆ ಬೇಡ, ಹಿಂದಿನ ಮಣ್ಣಿನ ದಿಬ್ಬ ಸಾಕು. ಮ್ಯಾಗಜೀನ್‌ಗೆ 5 ತೋಟಾ ಹಾಕಿ. ದಿಬ್ಬದ ಮೇಲೆ ಒಂದು ಕಲ್ಲೋ ಹುಲ್ಲಿನ ಗಂಟೋ ಹಿಡಿದು, ಕಣ್ಣನ್ನು ಅದರ ಮೇಲೇ ಇಟ್ಟು, ಆತುರವಿಲ್ಲದೆ ಆದರೆ ನಿಲ್ಲಿಸದೆ ಐದೂ ಹೊಡೆಯಿರಿ. ಡಾಟ್ ಎಲ್ಲಿಗೆ ಹಾರುತ್ತದೆ, ಎಲ್ಲಿಗೆ ವಾಪಸ್ ಬರುತ್ತದೆ ಅಷ್ಟೇ ನೋಡಿ. ನೇರ ಮೇಲೆ ಹೋಗಿ ಅದೇ ಜಾಗಕ್ಕೆ ಇಳಿದರೆ ಕೋವಿಯೂ ನೀವೂ ಹೊಂದಿಕೊಂಡಿದ್ದೀರಿ. ಬಲಕ್ಕೆ ಓರೆಯಾಗಿ ಹೋಗುತ್ತಿದ್ದರೆ ಸ್ಟಾಕ್ (ಭುಜಕ್ಕೆ ಒತ್ತುವ ಹಿಂಭಾಗ) ಭುಜದಲ್ಲಿ ಸರಿಯಾಗಿ ಕೂತಿಲ್ಲ, ಅಥವಾ ಮುಂದೆ ಹಿಡಿದ ಕೈ ಸಡಿಲ. ಇಳಿಯುವಾಗ ಗುರಿಯ ಕೆಳಗೆ ಮುಳುಗಿ ಮತ್ತೆ ಏಳುತ್ತಿದ್ದರೆ ಅದು ಬೋಲ್ಟ್ ಮುಚ್ಚುವಾಗಿನ ಗುದ್ದು, ಅಥವಾ ನೀವು ಮೊದಲೇ ಕೋವಿಯನ್ನು ಕೆಳಗೆ ತಳ್ಳುತ್ತಿದ್ದೀರಿ. ನನ್ನ ಕೈಯಲ್ಲಿ ರೂಗರ್‌ನ ಡಾಟ್ ನೇರ ಮೇಲೆ ಹೋಗುತ್ತದೆ, ಇಳಿಯುವಾಗ ಮಾತ್ರ ಸಣ್ಣದಾಗಿ ಮುಳುಗುತ್ತದೆ. ಹತ್ತಿರದ ದೊಡ್ಡ ಗುರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. 20 ಗಜದ ಆಚೆ ಅರ್ಧ ಮುಚ್ಚಿದ ಗುರಿಗೆ ಎರಡು ಗುಂಡು ಬೇಗ ಬೇಗ ಹಾಕಬೇಕಾದಾಗ ಕಾಯಬೇಕಾಗುತ್ತದೆ.

ಸ್ಟಾಕ್‌ನ ಉದ್ದವನ್ನು ಯಾರೂ ಮುಟ್ಟುವುದೇ ಇಲ್ಲ, ಅದು ನನಗೆ ಬೇಸರ. ಅರ್ಧರ್ಧ ಇಂಚಿನ ಮೂರು ಸ್ಪೇಸರ್ ಇವೆ, ಅವುಗಳಿಂದ 12.62ರಿಂದ 14.12 ಇಂಚಿನ ತನಕ ಹೊಂದಿಸಬಹುದು. ಸ್ಕ್ರೂ ಡ್ರೈವರ್ ಒಂದಿದ್ದರೆ ಮುಗಿಯಿತು. ನಮ್ಮಲ್ಲಿ ಹೆಚ್ಚಿನವರು ಆರಡಿ ಆಳುಗಳಲ್ಲ, ಅಲ್ವಾ? ಪಂದ್ಯದಲ್ಲಿ ಎದೆ ಗುರಿಯ ಕಡೆಗೆ ತಿರುಗಿಸಿ, ಸ್ವಲ್ಪ ಮುಂದಕ್ಕೆ ಬಾಗಿ ನಿಲ್ಲುತ್ತೇವೆ. ಉದ್ದ ಜಾಸ್ತಿಯಾದರೆ ತೂಕ ಹಿಂಗಾಲಿಗೆ ಬಂದು ಬೆನ್ನು ಹಿಂದಕ್ಕೆ ವಾಲುತ್ತದೆ. ಎರಡು ಸ್ಪೇಸರ್ ತೆಗೆದಾಗ ಸಿಗುವ ಲಾಭ ನೂರಾರು ಡಾಲರಿನ ಕಾಂಪೆನ್ಸೇಟರ್‌ನಿಂದ (ನಳಿಕೆ ತುದಿಗೆ ಹಾಕಿ, ಅನಿಲವನ್ನು ತಿರುಗಿಸಿ ಕೋವಿ ಏಳುವುದನ್ನು ತಗ್ಗಿಸುವ ಬಿಡಿಭಾಗ) ಸಿಗುವುದಿಲ್ಲ.

ಕಾಂಪೆನ್ಸೇಟರ್ ಹೆಸರು ಬಂತಲ್ಲ. ನಳಿಕೆಯ ತುದಿಯಲ್ಲಿ ತಿರುಪಿನ ಮರೆ (ಥ್ರೆಡ್) ಇದೆ, ಹಾಕಬಹುದು. ಆದರೆ 16 ಇಂಚಿನ ನಳಿಕೆಯಲ್ಲಿ 9 ಎಂಎಂ ತೋಟಾದ ಮದ್ದು ತುದಿಗೆ ಬರುವ ಹೊತ್ತಿಗೆ ಬಹುಪಾಲು ಉರಿದು ಮುಗಿದಿರುತ್ತದೆ, ಅನಿಲದ ಒತ್ತಡ ಇಳಿದಿರುತ್ತದೆ. ಕಾಂಪೆನ್ಸೇಟರ್ ಕೆಲಸ ಮಾಡುವುದೇ ಆ ಒತ್ತಡದ ಬಲದಿಂದ. ಹೀಗಾಗಿ ಲಾಭ ಅಷ್ಟಕ್ಕಷ್ಟೆ, ಮುಂದಿನ ತೂಕ ಮಾತ್ರ ಗ್ಯಾರಂಟಿ. ರೂಗರ್‌ಗೆ ಈಗಾಗಲೇ ಮುಂದೆ ಭಾರ ಜಾಸ್ತಿ. ಒಂದು ಗುರಿಯಿಂದ ಇನ್ನೊಂದಕ್ಕೆ ಕೋವಿ ತಿರುಗಿಸುವಾಗ ನಳಿಕೆ ಗುರಿ ದಾಟಿ ಆಚೆ ಹೋಗಿ ನಿಲ್ಲುತ್ತದೆ. ಅದಕ್ಕೆ ಇನ್ನಷ್ಟು ಭಾರ ಯಾಕೆ ಹಾಕಬೇಕು?

ಬೋಲ್ಟ್ ಹಗುರ ಮಾಡಿಸುವ ಹುಚ್ಚು ಕೂಡ ಕೆಲವರಿಗಿದೆ. ದಯವಿಟ್ಟು ಬೇಡ. ಬ್ಲೋಬ್ಯಾಕ್ ಕೋವಿಯಲ್ಲಿ ಆ ಭಾರವೇ ಬೀಗ. ಅದು ಕಡಿಮೆಯಾದರೆ ಒತ್ತಡ ಇನ್ನೂ ಇರುವಾಗಲೇ ಬೋಲ್ಟ್ ತೆರೆದು, ತೋಟಾದ ಹಿತ್ತಾಳೆ ಕೊಳವೆ ನಿಮ್ಮ ಮುಖದ ಹತ್ತಿರವೇ ಸೀಳಬಹುದು. ಟ್ರಿಗರ್‌ನಲ್ಲಿ ಮಾತ್ರ ಸುಧಾರಣೆಗೆ ನಿಜವಾಗಿ ಜಾಗ ಇದೆ. ರೂಗರ್ ಇದರಲ್ಲಿ ತಮ್ಮ 10/22 ರೈಫಲ್‌ನ ಟ್ರಿಗರ್ ಬಿಡಿಭಾಗಗಳನ್ನೇ ಬಳಸಿದ್ದಾರೆ, ಹಾಗಾಗಿ ಮಾರುಕಟ್ಟೆಯಲ್ಲಿ ಆಯ್ಕೆ ಬಹಳ. ಒಳ್ಳೆಯ ಗನ್‌ಸ್ಮಿತ್ ಕೈಯಲ್ಲಿ ಮಾಡಿಸಿ. ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯ (ಹ್ಯಾಮರ್) ಸ್ಪ್ರಿಂಗು ತೀರಾ ಮೆತ್ತಗೆ ಮಾಡಿಸಿದರೆ ಗಟ್ಟಿ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬಿಲ್ಲೆ) ಇರುವ ತೋಟಾ ಹೊತ್ತಿಕೊಳ್ಳದೆ ಉಳಿಯುತ್ತದೆ, ಪಂದ್ಯದ ಮಧ್ಯೆ ಅದಕ್ಕಿಂತ ಸಂಕಟ ಇನ್ನೊಂದಿಲ್ಲ.

ಡಾಟ್ ಬಗ್ಗೆ ಒಂದು ಸೂಕ್ಷ್ಮ ಇದೆ. ಕೋವಿ ಜೊತೆ ಬರುವ, ಗುರಿ ಹಿಡಿಯುವ ಕಬ್ಬಿಣದ ಸೈಟ್‌ಗಳು ಹಿಂದಿನದೂ ಮುಂದಿನದೂ ನಳಿಕೆಯ ಮೇಲೇ ಇವೆ. ಬಿಚ್ಚಿ ಜೋಡಿಸಿದರೂ ಅವುಗಳ ಗುರಿ ತಪ್ಪುವುದಿಲ್ಲ. ಡಾಟ್ ಕೂರುವುದು ಹಿಂದಿನ ಅರ್ಧದ ಮೇಲೆ, ರಿಸೀವರ್‌ನ (ಬೋಲ್ಟ್ ಇರುವ ಭಾಗ) ಮೇಲಿನ ಹಳಿಯಲ್ಲಿ. ಎರಡು ಭಾಗಗಳು ಸೇರುವ ಕಡೆ ಬಿಗಿ ಇಲ್ಲದಿದ್ದರೆ ಡಾಟ್‌ನ ಗುರಿ ಅಲ್ಲಾಡುತ್ತದೆ. ಜೋಡಿಸುವ ಜಾಗದ ಉಂಗುರವನ್ನು ಮ್ಯಾನುಯಲ್ ನೋಡಿ ಬಿಗಿ ಮಾಡಿ. ಪಂದ್ಯದ ದಿನ ಬಿಚ್ಚದೆ, ಉದ್ದ ಬ್ಯಾಗಿನಲ್ಲೇ ತನ್ನಿ. 25 ಗಜದಲ್ಲಿ ಗುಂಡು ಬೀಳುವ ಜಾಗಕ್ಕೆ ಡಾಟನ್ನು ಹೊಂದಿಸಿ. ಹತ್ತಿರದ ಗುರಿಗೆ ಗುಂಡು ಡಾಟ್‌ಗಿಂತ ಕೆಳಗೆ ಬೀಳುತ್ತದೆ, ಯಾಕಂದ್ರೆ ಡಾಟ್ ನಳಿಕೆಗಿಂತ ಮೇಲಿದೆ. ಎಆರ್-15 ರೈಫಲ್‌ನ ಮಾದರಿಯ ಕೋವಿಗಳಲ್ಲಿ ಈ ಅಂತರ ಎರಡೂವರೆ ಇಂಚಿನ ಆಸುಪಾಸು. ರೂಗರ್‌ನಲ್ಲಿ ಡಾಟನ್ನು ತಗ್ಗಾಗಿ ಕೂರಿಸಬಹುದು, ಅಂತರ ಕಡಿಮೆ. ಐದು ಗಜದಲ್ಲಿ ತಲೆಯ ಭಾಗ ಮಾತ್ರ ಕಾಣುವ ಗುರಿ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಈಗ ತೋಟಾ. ಯುಎಸ್‌ಪಿಎಸ್‌ಎಯ ಪಿಸಿಸಿ ವಿಭಾಗದಲ್ಲಿ ಎಲ್ಲರೂ ಮೈನರ್ (ಕಡಿಮೆ ಬಲದ ತೋಟಾದ ವರ್ಗ), ಪವರ್ ಫ್ಯಾಕ್ಟರ್ (ತೋಟಾದ ಬಲದ ಅಳತೆ) 125 ದಾಟಿದರೆ ಸಾಕು. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಯಲ್ಲಿ ತಗೊಂಡು ಗುಣಿಸಿ 1000ದಿಂದ ಭಾಗಿಸಬೇಕು. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ 130. ಉದ್ದ ನಳಿಕೆಯಲ್ಲಿ ವೇಗ ಪಿಸ್ತೂಲಿಗಿಂತ ಹೆಚ್ಚು ಬರುತ್ತದೆ, ಆದ್ದರಿಂದ ಅಂಗಡಿ ತೋಟಾ ಸಾಮಾನ್ಯವಾಗಿ ಆರಾಮಾಗಿ ದಾಟುತ್ತದೆ. ತೂಕದ ಗುಂಡು ನಿಧಾನ ತಳ್ಳುತ್ತದೆ, 115 ಗ್ರೇನ್‌ದು ಚಟ್ಟನೆ ಒದೆಯುತ್ತದೆ ಅನ್ನುವುದು ಹೆಚ್ಚಿನವರ ಅನುಭವ, ನನ್ನದೂ ಅದೇ. ಆದರೂ ಮೂರು ತೂಕದ ಡಬ್ಬಿ ತಂದು ದಿಬ್ಬದ ಮೇಲಿನ ಅದೇ ಪರೀಕ್ಷೆ ಮಾಡಿ, ಯಾವುದರಲ್ಲಿ ಡಾಟ್ ಬೇಗ ಮರಳುತ್ತದೋ ಅದನ್ನೇ ಹಿಡಿಯಿರಿ. ಮನೆಯಲ್ಲಿ ತೋಟಾ ತುಂಬುವವರು ತೀರಾ ಮೆತ್ತಗೆ ಇಳಿಸಬೇಡಿ. ಈ ಭಾರದ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೊಳವೆ ಸಿಕ್ಕಿಹಾಕಿಕೊಳ್ಳುತ್ತದೆ.

ಮ್ಯಾಗಜೀನ್: ಯುಎಸ್‌ಪಿಎಸ್‌ಎಯ ಪಿಸಿಸಿ ವಿಭಾಗದಲ್ಲಿ ಉದ್ದಕ್ಕೆ ಮಿತಿ ಇಲ್ಲ, ಅತಿ ದೊಡ್ಡ ಸ್ಟೇಜ್ (ಪಂದ್ಯದ ಒಂದು ಸುತ್ತು) ಕೂಡ 32 ಗುಂಡಿನದು. ಗ್ಲಾಕ್‌ನ 33ರ ಮ್ಯಾಗಜೀನ್‌ಗೆ ಉದ್ದದ ತಳ ಹಾಕಿದರೆ ನಡುವೆ ಬದಲಿಸುವ ಗೋಜೇ ಇಲ್ಲ. ಆ ತಳದಲ್ಲಿ ಅಗ್ಗದ್ದು ತಗೊಳ್ಳಬೇಡಿ. ನಾನು ತರಿಸಿದ್ದ ಒಂದರ ಸ್ಪ್ರಿಂಗ್ ಕೊನೆಯ ಕೆಲವು ತೋಟಾವನ್ನು ಸಮಯಕ್ಕೆ ಮೇಲೆತ್ತಲೇ ಇಲ್ಲ, ಬೋಲ್ಟ್ ಖಾಲಿ ಚೇಂಬರ್ (ನಳಿಕೆಯಲ್ಲಿ ತೋಟಾ ಕೂರುವ ಜಾಗ) ಮೇಲೆ ಮುಚ್ಚಿಕೊಂಡಿತು. ಪ್ರತಿ ಮ್ಯಾಗಜೀನ್‌ಗೂ ನಂಬರ್ ಬರೆದಿಡಿ, ತೊಂದರೆ ಕೊಟ್ಟದ್ದನ್ನು ಅಭ್ಯಾಸಕ್ಕೆ ಇಳಿಸಿ.

ಕೊಡಗಿನ ಗೆಳೆಯರು ಈ ಆಟಕ್ಕೆ ಬಂದಾಗ ನೋಡೋದೇ ಒಂದು ಖುಷಿ. ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವರು, ಕೋವಿ ಹಿಡಿಯುವ ಶಿಸ್ತು ಅವರಿಗೆ ಹೇಳಿಕೊಡಬೇಕಿಲ್ಲ. ಹೊಸದು ಏನಂದರೆ ಯುಎಸ್‌ಪಿಎಸ್‌ಎಯಲ್ಲಿ ಅಂಕವನ್ನು ಸಮಯದಿಂದ ಭಾಗಿಸುತ್ತಾರೆ. ಮೈನರ್‌ನಲ್ಲಿ ಗುರಿಹಲಗೆಯ ನಡುವಿನ ಎ ವಲಯಕ್ಕೆ 5 ಅಂಕ, ಅದರಾಚೆಯ ಸಿಗೆ 3, ಅಂಚಿನ ಡಿಗೆ 1. ಪಿಸಿಸಿಯಲ್ಲಿ ಗುರಿ ಹಿಡಿಯುವುದು ಸುಲಭ, ಹಾಗಾಗಿ ಎದುರಾಳಿಗಳೆಲ್ಲ ಎ ಹೊಡೆಯುತ್ತಾರೆ, ನಿಮ್ಮ ಒಂದೊಂದು ಸಿ ಕೂಡ ಕಾಣುತ್ತದೆ.

ಸ್ಟೀಲ್ ಚಾಲೆಂಜ್‌ನಲ್ಲಿ ಓಡಾಟ ಇಲ್ಲವೇ ಇಲ್ಲ ಎನ್ನಬಹುದು, ಔಟರ್ ಲಿಮಿಟ್ಸ್ ಒಂದು ಸ್ಟೇಜ್ ಬಿಟ್ಟು. ಐದು ಉಕ್ಕಿನ ತಟ್ಟೆ, ಕೊನೆಯದಕ್ಕೆ ಹೊಡೆದಾಗ ಗಡಿಯಾರ ನಿಲ್ಲುತ್ತದೆ. ಹೆಚ್ಚಿನ ಸ್ಟೇಜ್‌ಗಳಲ್ಲಿ ಐದು ಸಲ ಹೊಡೆದು ನಿಧಾನದ್ದೊಂದನ್ನು ಬಿಡುತ್ತಾರೆ. ಸ್ಮೋಕ್ ಅಂಡ್ ಹೋಪ್ ಸ್ಟೇಜ್‌ನಲ್ಲಿ ನಾಲ್ಕು ದೊಡ್ಡ ತಟ್ಟೆ, ಒಂದು ಸಣ್ಣ ದುಂಡು ತಟ್ಟೆ. ರೂಗರ್ ಅಲ್ಲಿ ಹಾಡುತ್ತದೆ. ಇನ್ನೂ ಒಂದು ಲಾಭ: ಡಾಟ್ ಇಲ್ಲದ ಪಿಸಿಸಿಗೆ ಅಲ್ಲಿ ಬೇರೆಯೇ ವಿಭಾಗ ಇದೆ. ಪೆಟ್ಟಿಗೆಯಿಂದ ತೆಗೆದ ಕೋವಿಯನ್ನು ಹಾಗೇ ಹಿಡಿದು ಹೋಗಿ ಆಡಬಹುದು, ಡಾಟ್‌ಗೆ ಒಂದು ಡಾಲರ್ ಖರ್ಚಿಲ್ಲದೆ.

ಯುಎಸ್‌ಪಿಎಸ್‌ಎಯನ್ನೇ ಗಂಭೀರವಾಗಿ ಹಿಡಿಯುತ್ತೀರಾ, ಬಜೆಟ್ ಕೂಡ ಇದೆಯಾ? ಆಗ ಜೆಪಿಯ ಜಿಎಂಆರ್-15 ಅಥವಾ ಸಿಗ್ ಎಂಪಿಎಕ್ಸ್ ಒಮ್ಮೆ ಹೊಡೆದು ನೋಡಿ. ಎಂಪಿಎಕ್ಸ್ ಬ್ಲೋಬ್ಯಾಕ್ ಅಲ್ಲ, ಅನಿಲದ ಪಿಸ್ಟನ್‌ನಿಂದ ನಡೆಯುವುದು, ಬೋಲ್ಟ್ ಹಗುರ. ಡಾಟ್ ಮರಳುವ ರೀತಿಯಲ್ಲಿ ಅಂತರ ಮೊದಲ ಮ್ಯಾಗಜೀನ್‌ನಲ್ಲೇ ಕಾಣುತ್ತದೆ. ಬೆಲೆಯ ಅಂತರವೂ ಹಾಗೇ ಕಾಣುತ್ತದೆ. ಅದೇ ದುಡ್ಡಿನಲ್ಲಿ ರೂಗರ್, ಒಳ್ಳೆಯ ಡಾಟ್, ನಾಲ್ಕು ಮ್ಯಾಗಜೀನ್, ಮೇಲೆ ಸಾಕಷ್ಟು ತೋಟಾ ಬರುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ.

ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಕಡೆ ಇರುವವರಿಗೆ ಮ್ಯಾಗಜೀನ್ ಮಿತಿ 10. ಅಲ್ಲಿಗೆಂದೇ ನಳಿಕೆಯ ತುದಿಗೆ ಮರೆ ಇಲ್ಲದ, 10ರ ಮ್ಯಾಗಜೀನ್‌ನ ಮಾದರಿ ಇದೆ, ಅದನ್ನೇ ಕೇಳಿ ತಗೊಳ್ಳಿ. ಸ್ಟೀಲ್ ಚಾಲೆಂಜ್‌ಗೆ 10 ಸಾಕು. ಮೊದಲ ಪಂದ್ಯಕ್ಕೆ ಬರುವಾಗ ಚೇಂಬರ್ ಫ್ಲಾಗ್ ಮರೆಯಬೇಡಿ. ಚೇಂಬರ್‌ನೊಳಗೆ ಇಟ್ಟ ಆ ಬಣ್ಣದ ಪ್ಲಾಸ್ಟಿಕ್ ತುಂಡು ಕಾಣದೆ ಕೋವಿಯನ್ನು ಬ್ಯಾಗಿನಿಂದ ಹೊರಗೆ ಹಿಡಿದು ಓಡಾಡಲು ಯಾವ ರೇಂಜ್ ಆಫೀಸರೂ ಬಿಡುವುದಿಲ್ಲ. ಎರಡು ತಂದಿಟ್ಟುಕೊಳ್ಳಿ, ಒಂದು ಯಾವಾಗಲೂ ಕಳೆದುಹೋಗುತ್ತದೆ.